ಪ್ರೇಮಕಥೆಗೊಂದು ಮೆಣಸಿನ ಪಂಚಾಂಗ

ಪ್ರಶ್ನೆ: ನಾನು ಮಂಡ್ಯದವಳು. ಶ್ರೀರಂಗಪಟ್ಟಣದಲ್ಲಿ ನಡೆಯುವ ಐತಿಹಾಸಿಕ ಪ್ರೇಮ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಕಾಲ 1800, ಅಂದರೆ ಟಿಪ್ಪು ಮಡಿದ ಮರುವರ್ಷ. ನಾಯಕಿ ಗೌರಿ, ಕೋಟೆಯ ಹೊರಗಿನ ಪೇಟೆ ಗಂಜಾಂನಲ್ಲಿ ತೋಟ ನೋಡಿಕೊಳ್ಳುವವರ ಮಗಳು. ನಾಯಕ ಚೆನ್ನಬಸವ, ಮೆಣಸಿನ ಸಾಹುಕಾರರ ಹತ್ತಿರ ಲೆಕ್ಕ ಬರೆಯುವವನು. ಹೇರೆತ್ತುಗಳ ಜೊತೆ ಘಟ್ಟ ಇಳಿದು ಹತ್ತುವುದು ಅವನ ಕೆಲಸ. ಕೊನೆಗೆ ಅವನು ಮಲೆನಾಡಿನಿಂದ ಮೆಣಸಿನ ಬಳ್ಳಿಯ ತುಂಡು ತಂದು ಅವಳ ತೋಟದಲ್ಲಿ ನೆಡುತ್ತಾನೆ. ಮೊದಲ ಮೂರು ಅಧ್ಯಾಯ ಓದಿದ ಗೆಳತಿ, "ಪ್ರೀತಿ ಚೆನ್ನಾಗಿದೆ, ಗಿಡ ಮತ್ತು ವ್ಯಾಪಾರ ಮಾತ್ರ ಮೇಲಿಂದ ಅಂಟಿಸಿದ ಹಾಗಿದೆ" ಅಂದಳು. ಎಷ್ಟು ಸಸ್ಯಶಾಸ್ತ್ರ ಹಾಕಬೇಕು? ಬರೆದಿರುವುದರಲ್ಲಿ ತಪ್ಪುಗಳಿವೆಯಾ? ಆ ಬಳ್ಳಿ ಗಂಜಾಂನಲ್ಲಿ ಬದುಕುತ್ತದಾ? ಅಧ್ಯಾಯಗಳನ್ನು ಕಳಿಸಿದ್ದೇನೆ.

ಉತ್ತರ: ನಿಮ್ಮ ಅಧ್ಯಾಯಗಳನ್ನು ಓದಿದೆ. ಗೌರಿ ನನಗೆ ತುಂಬ ಹಿಡಿಸಿದಳು. ಅವಳು ಬಾಯಿ ಬಿಟ್ಟರೆ ಸಾಕು, ಯಾವ ಸೀಮೆಯ ಹುಡುಗಿ ಅಂತ ಗೊತ್ತಾಗುತ್ತದೆ. ಆದರೆ ಗೆಳತಿ ಹೇಳಿದ್ದೂ ನಿಜ. ಗಿಡ ಬಂದ ಕಡೆಯೆಲ್ಲ ಕಥೆ ನಿಂತುಬಿಡುತ್ತದೆ. ಎರಡನೇ ಅಧ್ಯಾಯದಲ್ಲಿ ಒಂದೂವರೆ ಪುಟ ಮೆಣಸಿನ ಮಾಹಿತಿ ಇದೆ. ಅದನ್ನು ಕಿತ್ತು ಹಾಕಿದರೂ ಗೌರಿಗಾಗಲಿ ಚೆನ್ನಬಸವನಿಗಾಗಲಿ ಏನೂ ಆಗುವುದಿಲ್ಲ. ಹಾಗಿದ್ದ ಮೇಲೆ ಆ ಪುಟ ಅಲ್ಲಿ ಬೇಡ.

ಸಸ್ಯಶಾಸ್ತ್ರ ಎಷ್ಟಿರಬೇಕು ಅನ್ನುವುದಕ್ಕಿಂತ ಅದು ಕಥೆಯಲ್ಲಿ ಏನು ಕೆಲಸ ಮಾಡುತ್ತದೆ ಅಂತ ನೋಡಿ. ಮೆಣಸು ಯಾವ ತಿಂಗಳಲ್ಲಿ ತೆನೆ ಬಿಡುತ್ತದೆ, ಯಾವಾಗ ಒಣಗುತ್ತದೆ, ಯಾವಾಗ ಘಟ್ಟ ಇಳಿಯುತ್ತದೆ ಅನ್ನುವುದೇ ಈ ಇಬ್ಬರನ್ನು ಸೇರಿಸಬೇಕು, ಅದೇ ಅಗಲಿಸಬೇಕು. ಈಗ ನಿಮ್ಮ ಕಥೆಯಲ್ಲಿ ಅವರನ್ನು ಅಗಲಿಸುವುದು ಒಬ್ಬ ಕೆಟ್ಟ ಚಿಕ್ಕಪ್ಪ. ಆ ಚಿಕ್ಕಪ್ಪ ಇಲ್ಲದೆಯೂ ಅವರು ಅಗಲುತ್ತಾರೆ. ಹೇಗೆ ಅಂತ ಹೇಳುತ್ತೇನೆ.

ಮೊದಲು ಬಳ್ಳಿಯನ್ನು ಹತ್ತಿರದಿಂದ ನೋಡಿ. ಮುಂಗಾರು ಹಿಡಿದು ಮೃಗಶಿರಾ, ಆರಿದ್ರಾ ಮಳೆ ಬಿದ್ದಾಗ ಬಳ್ಳಿ ಹೊಸ ಚಿಗುರು ಬಿಡುತ್ತದೆ. ಚಿಗುರೆಲೆಯ ಎದುರಿಗೇ ತೆನೆ ಇಳಿಯುತ್ತದೆ. ಬೆರಳುದ್ದ, ತೆಳ್ಳಗೆ, ಹಸಿರು. ಅದರ ಮೈತುಂಬ ಹೂವಿರುತ್ತದೆ, ಆದರೆ ಹೂ ಅಂತ ಕಣ್ಣಿಗೆ ಕಾಣುವುದಿಲ್ಲ. ದಳವೇ ಇಲ್ಲ. ನಿಮ್ಮ ಚೆನ್ನಬಸವ ಗೌರಿಯ ಮುಡಿಗೆ ಬಿಳಿಯ ಮೆಣಸಿನ ಹೂ ಮುಡಿಸುತ್ತಾನಲ್ಲ, ಅದು ಆಗದ ಮಾತು. ಆ ಸಾಲು ತೆಗೆಯಿರಿ. ಅದರ ಬದಲು ಈ ವಿಷಯ ಇಟ್ಟುಕೊಳ್ಳಿ: ಮೆಣಸಿನ ಹೂ ಕಾಯಿ ಕಟ್ಟುವುದಕ್ಕೆ ಮಳೆ ಬೇಕು. ಹನಿಹನಿಯಾಗಿ ಬೀಳುವ ಮಳೆಯ ನೀರು ತೆನೆಯುದ್ದಕ್ಕೂ ಜಾರುವಾಗ ಪರಾಗವೂ ಜೊತೆಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಮಳೆ ಕೈಕೊಟ್ಟರೆ ತೆನೆಯಲ್ಲಿ ಅಲ್ಲಲ್ಲಿ ಮಾತ್ರ ಕಾಳು ಕೂರುತ್ತದೆ, ಮಿಕ್ಕ ಜಾಗ ಬೋಳು. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಅಂತ ನಮ್ಮ ಹಿರಿಯರು ಹೇಳುವುದು ಮೆಣಸಿಗೂ ಸಲ್ಲುತ್ತದೆ. ಆರಿದ್ರಾ ಹೋದ ವರ್ಷ ಸಾಹುಕಾರನ ಕೈ ಬಿಗಿಯಾಗುತ್ತದೆ. ಸಾಹುಕಾರನ ಕೈ ಬಿಗಿಯಾದರೆ ಲೆಕ್ಕದ ಹುಡುಗನ ಮದುವೆ ಮುಂದಕ್ಕೆ ಹೋಗುತ್ತದೆ. ಜೂನ್ ತಿಂಗಳ ಮಳೆಗೂ ಮುಂದಿನ ವರ್ಷದ ಮದುವೆಗೂ ನಂಟು ಬಂತು, ಅಲ್ವಾ?

ಕಾಳು ಬಲಿಯುವುದಕ್ಕೆ ಆರೆಂಟು ತಿಂಗಳು ಬೇಕು. ಸಂಕ್ರಾಂತಿಯ ಆಚೀಚೆ ಕೊಯ್ಲು. ಒಂದೇ ತೆನೆಯಲ್ಲಿ ಕಡುಹಸಿರು ಕಾಳೂ ಇರುತ್ತದೆ, ಹಳದಿಗೆ ತಿರುಗಿದ್ದೂ ಇರುತ್ತದೆ, ಒಂದೆರಡು ಕೆಂಪಗೆ ಹಣ್ಣಾಗಿರುತ್ತವೆ. ಆ ಒಂದೆರಡು ಕೆಂಪು ಕಾಳೇ ಗುರುತು. ಅದು ಕಂಡರೆ ಇಡೀ ತೆನೆ ಕೊಯ್ಯುತ್ತಾರೆ. ಎಲ್ಲ ಕೆಂಪಾಗಲಿ ಅಂತ ಕಾದರೆ ಹಕ್ಕಿ ತಿನ್ನುತ್ತದೆ, ಕಾಳು ಉದುರುತ್ತದೆ. ಆಮೇಲೆ ಕಾಲಲ್ಲಿ ತುಳಿದು ಕಾಳು ಬಿಡಿಸಿ, ಚಾಪೆಯ ಮೇಲೆ ಹರಡಿ, ನಾಲ್ಕೈದು ದಿನ ಬಿಸಿಲಿಗೆ ಹಾಕುತ್ತಾರೆ. ಹಸಿರು ಕಾಳು ಕಪ್ಪಾಗಿ ಸುಕ್ಕುಗಟ್ಟುವುದು ಆಗಲೇ. ತೂಕ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಹಣ್ಣಾದ ಕಾಳನ್ನು ನೀರಲ್ಲಿ ನೆನೆಸಿ ಸಿಪ್ಪೆ ಉಜ್ಜಿದರೆ ಅದೇ ಬಿಳಿ ಮೆಣಸು. ನೀವು ಬರೆದಂತೆ ಅದಕ್ಕೆ ಬೇರೆ ಬಳ್ಳಿ ಇಲ್ಲ.

ಈಗ ವ್ಯಾಪಾರದ ಕಡೆ ಬನ್ನಿ. ಒಣಗಿದ ಮಾಲು ಬಂದರು ಸೇರಬೇಕು. ಹಾಯಿಹಡಗುಗಳು ಅರಬ್ ನಾಡಿನ ಕಡೆ ಹೋಗುವುದು ಹಿಂಗಾರಿನ ಗಾಳಿಗೆ, ಅಂದರೆ ಚಳಿಗಾಲದಿಂದ ಹಿಡಿದು ಯುಗಾದಿಯ ಆಸುಪಾಸಿನವರೆಗೆ. ಮುಂಗಾರು ಶುರುವಾದರೆ ಪಶ್ಚಿಮ ಕರಾವಳಿಯ ಬಂದರುಗಳೆಲ್ಲ ಮುಚ್ಚಿದ ಹಾಗೆ. ಹೊಳೆಗಳು ಉಕ್ಕುತ್ತವೆ, ಘಟ್ಟದ ದಾರಿ ಜಾರುತ್ತದೆ, ಎತ್ತು ಕಾಲಿಡುವುದಿಲ್ಲ. ಹಾಗಾಗಿ ಚೆನ್ನಬಸವನ ವರ್ಷ ಹೀಗಿರುತ್ತದೆ: ಸಂಕ್ರಾಂತಿಗೆ ಮಲೆನಾಡಿನಲ್ಲಿ ಖರೀದಿ, ಶಿವರಾತ್ರಿಯ ಹೊತ್ತಿಗೆ ಹೇರು ಕಟ್ಟುವುದು, ಯುಗಾದಿಗೆ ಕರಾವಳಿ, ಅಲ್ಲಿಂದ ಉಪ್ಪು ಹೇರಿಕೊಂಡು ಮೃಗಶಿರಾ ಮಳೆಗೆ ಮುಂಚೆ ಘಟ್ಟ ಹತ್ತಿ ಗಂಜಾಂ ಸೇರುವುದು. ಒಂದು ವಾರ ತಡವಾದರೆ ಮುಗಿಯಿತು. ಕೆಳಗೇ ಸಿಕ್ಕಿಹಾಕಿಕೊಳ್ಳುತ್ತಾನೆ. ನವರಾತ್ರಿಯವರೆಗೆ ಬರುವ ಹಾಗಿಲ್ಲ, ಸುದ್ದಿ ಕಳಿಸುವುದೂ ಕಷ್ಟ. ಇಡೀ ಮಳೆಗಾಲ ಗೌರಿಗೆ ಅವನು ಇದ್ದಾನೋ ಇಲ್ಲವೋ ಗೊತ್ತಿಲ್ಲ. ಈ ನಾಲ್ಕು ತಿಂಗಳ ಮುಂದೆ ನಿಮ್ಮ ಚಿಕ್ಕಪ್ಪನ ಕಾಟ ಏನೇನೂ ಅಲ್ಲ.

ಅವನು ಯಾಕೆ ತಡ ಮಾಡಿದ ಅನ್ನುವುದಕ್ಕೂ ಚರಿತ್ರೆಯೇ ಕಾರಣ ಕೊಡುತ್ತದೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ರಾಜ್ಯ ಹರಿದು ಹಂಚಿಹೋಯಿತು. ಕನ್ನಡ ಕರಾವಳಿ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಮೈಸೂರಿಗೆ ಸಮುದ್ರವೇ ಇಲ್ಲದಂತಾಯಿತು. ಟಿಪ್ಪುವಿನ ಕಾಲದಲ್ಲಿ ಮೆಣಸು, ಏಲಕ್ಕಿ, ಗಂಧದ ವ್ಯಾಪಾರ ಸರ್ಕಾರದ ಕೈಯಲ್ಲಿತ್ತು. ಮಸ್ಕತ್‌ನಲ್ಲೂ ಕಛ್‌ನಲ್ಲೂ ಅವನ ಕೋಠಿಗಳು, ಅಂದರೆ ವ್ಯಾಪಾರದ ಮಳಿಗೆಗಳಿದ್ದವು. ಅದೆಲ್ಲ ಒಂದೇ ಏಟಿಗೆ ಮುರಿಯಿತು. ಚೆನ್ನಬಸವನ ಸಾಹುಕಾರ ಈಗ ತಾನೇ ದಾರಿ ಹುಡುಕಿಕೊಳ್ಳಬೇಕು, ಹೊಸ ಸುಂಕದ ಕಟ್ಟೆಗಳಲ್ಲಿ ಹೊಸಬರಿಗೆ ಕೈಮುಗಿಯಬೇಕು. ನಿಮ್ಮ ಕರಡಿನಲ್ಲಿ ಈ ಬದಲಾವಣೆ ಎಲ್ಲೂ ಕಾಣುವುದಿಲ್ಲ. ಸಾಹುಕಾರ ಹತ್ತು ವರ್ಷದಿಂದ ಮಂಗಳೂರಿನಲ್ಲಿ ಇಂಗ್ಲಿಷರಿಗೆ ಮೆಣಸು ಮಾರುತ್ತಿದ್ದ ಹಾಗೆ ಬರೆದಿದ್ದೀರಿ. ಟಿಪ್ಪುವಿನ ನಾಡಿನಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಇಂಗ್ಲಿಷರಿಗೆ ಮೆಣಸು ಮಾರಬಾರದು ಅಂತಲೇ ಅವನ ಕಟ್ಟಪ್ಪಣೆ ಇತ್ತು.

ದಾರಿಗಳ ವಿಷಯ ಇನ್ನೂ ಸೊಗಸಾಗಿದೆ. ಗುಂಡ್ಲುಪೇಟೆಯಿಂದ ವಯನಾಡಿನ ಮೇಲೆ ಇಳಿಯೋಣ ಅಂದರೆ ಅಲ್ಲಿ ಪಳಸ್ಸಿ ರಾಜ ಕಂಪನಿಯ ಮೇಲೆ ಕಾದಾಡುತ್ತಿದ್ದಾನೆ. ಅವನು ಸಾಯುವುದು 1805ರಲ್ಲಿ. ಮಂಜರಾಬಾದಿನ, ಅಂದರೆ ಇವತ್ತಿನ ಸಕಲೇಶಪುರದ ಕಡೆಯಿಂದ ಬಿಸಿಲೆ ಘಟ್ಟ ಇಳಿಯೋಣ ಅಂದರೆ ಬಲಂ ಪಾಳೆಯಗಾರ ಕೃಷ್ಣಪ್ಪ ನಾಯಕ ತಿರುಗಿಬಿದ್ದಿದ್ದಾನೆ. ಅವನನ್ನು ಹಿಡಿದು ಗಲ್ಲಿಗೇರಿಸಿದ್ದು 1802ರಲ್ಲಿ. ಉಳಿಯುವುದು ಪಿರಿಯಾಪಟ್ಟಣದ ಮೇಲಿಂದ ಕೊಡಗಿನ ದಾರಿ. ಅಲ್ಲಿ ವೀರರಾಜೇಂದ್ರನ ಆಳ್ವಿಕೆ, ಕಂಪನಿಗೂ ಅವನಿಗೂ ಸ್ನೇಹ. ಶ್ರೀರಂಗಪಟ್ಟಣದಿಂದ ಕಡಲಿಗೆ ಹೋಗಬೇಕಾದರೆ ಮೂರು ಸರ್ಕಾರಗಳ ನೆಲ ದಾಟಬೇಕು. ಯಾವ ದಾರಿ ಹಿಡಿಯುತ್ತಾನೆ ಅನ್ನುವುದೇ ನಿಮಗೆ ಎರಡು ಅಧ್ಯಾಯದ ಸರಕು.

ಗಾಡಿ ಮಾತ್ರ ಬೇಡ. ಘಟ್ಟದಲ್ಲಿ ನಿಮ್ಮ ಜೋಡೆತ್ತಿನ ಗಾಡಿ ಹೋಗುವುದಿಲ್ಲ. ಮಾಲು ಹೋಗುತ್ತಿದ್ದದ್ದು ಎತ್ತಿನ ಬೆನ್ನ ಮೇಲೆ, ಎರಡೂ ಪಕ್ಕಕ್ಕೆ ಚೀಲ ಇಳಿಬಿಟ್ಟು. ಲಂಬಾಣಿಗಳು ಇದರಲ್ಲಿ ಪಳಗಿದವರು. ದಿನಕ್ಕೆ ಮೂರ್ನಾಲ್ಕು ಹರದಾರಿ (ಒಂದು ಹರದಾರಿ ಅಂದರೆ ಸುಮಾರು ಮೂರು ಮೈಲಿ) ನಡೆದರೆ ಹೆಚ್ಚು. ಹಣ ಲೆಕ್ಕ ಹಾಕುವುದು ಕಂಠೀರಾಯ ಹಣ ಮತ್ತು ವರಹದಲ್ಲಿ, ತೂಕ ಸೇರು ಮತ್ತು ಮಣದಲ್ಲಿ. ನೀವು ಒಂದು ಕಡೆ ಕಿಲೋ ಬರೆದಿದ್ದೀರಿ, ತಿದ್ದಿಕೊಳ್ಳಿ. ಮೆಣಸು ಕೊಳ್ಳುವಾಗ ಒಂದು ಹಿಡಿ ನೀರಿಗೆ ಹಾಕಿ ನೋಡಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ಮುಳುಗುತ್ತದೆ. ಚೆನ್ನಬಸವ ಹೀಗೆ ಪರೀಕ್ಷೆ ಮಾಡುವುದನ್ನು ಗೌರಿ ಮೊದಲ ಸಲ ನೋಡಲಿ. ತನ್ನ ಕೆಲಸ ಗೊತ್ತಿರುವವನ ಕೈಗಳನ್ನು ನೋಡಿ ಮನಸ್ಸು ಸೋಲುವುದು ಪ್ರೇಮಕಥೆಗೆ ಒಳ್ಳೆಯ ಆರಂಭ. ಈಗ ಅವರು ಗುಲ್‌ಮೊಹರ್ ಮರದ ಕೆಳಗೆ ಡಿಕ್ಕಿ ಹೊಡೆದು ಪರಿಚಯವಾಗುತ್ತಾರೆ.

ಆ ಗುಲ್‌ಮೊಹರ್ ಬಗ್ಗೆ ಹೇಳಲೇಬೇಕು. ಅದು ಮಡಗಾಸ್ಕರ್‌ನ ಮರ. ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿದ್ದದ್ದೇ 1820ರ ದಶಕದಲ್ಲಿ, ನಮ್ಮ ದೇಶಕ್ಕೆ ಬಂದದ್ದು ಅದಕ್ಕೂ ಆಮೇಲೆ. ಇವತ್ತಿನ ಮೈಸೂರಿನ ರಸ್ತೆಗಳನ್ನು ನೋಡಿಕೊಂಡು 1800ನ್ನು ಊಹಿಸಿಕೊಂಡರೆ ಇಂಥ ತಪ್ಪು ತುಂಬ ಆಗುತ್ತದೆ. ಜಕರಂಡ, ಮಳೆಮರ ಎಲ್ಲ ಅಮೆರಿಕದಿಂದ ತಡವಾಗಿ ಬಂದವು. ಕೊಡಗಿನ ದೃಶ್ಯದಲ್ಲಿ ಮೆಣಸಿನ ಬಳ್ಳಿಯನ್ನು ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ್ದೀರಿ. ಅದು ಆಸ್ಟ್ರೇಲಿಯಾದ ಮರ. ಕಾಫಿ ತೋಟಗಳ ಜೊತೆ ಬಂದದ್ದು. 1800ರಲ್ಲಿ ಬಳ್ಳಿ ಹಬ್ಬುವುದು ಅಡಿಕೆಗೆ, ಹಲಸಿಗೆ, ಮಾವಿಗೆ, ಹಾಲವಾಣಕ್ಕೆ. ಪಣಿಯೂರು ತಳಿಯೂ ಬೇಡ, ಅದು 20ನೇ ಶತಮಾನದಲ್ಲಿ ಕೇರಳದ ಸಂಶೋಧನಾ ಕೇಂದ್ರದಲ್ಲಿ ಆದ ಹೈಬ್ರಿಡ್. ನಮ್ಮದೇ ನಾಟಿ ತಳಿಗಳಲ್ಲಿ ಮಲ್ಲಿಗೆಸರ ಅಂತ ಒಂದಿದೆ. ಪ್ರೇಮಕಥೆಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕಾ?

ವೆನಿಲ್ಲಾ ಕೋಡನ್ನೂ ಬಿಡಿ. ಅದರ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಸುಲಭದ ದಾರಿ ಕಂಡುಹಿಡಿದದ್ದು 1841ರಲ್ಲಿ, ರಿಯೂನಿಯನ್ ದ್ವೀಪದಲ್ಲಿ ಗುಲಾಮಗಿರಿಯಲ್ಲಿದ್ದ ಎಡ್ಮಂಡ್ ಆಲ್ಬಿಯಸ್ ಅನ್ನುವ ಹನ್ನೆರಡು ವರ್ಷದ ಹುಡುಗ. ಒಣಮೆಣಸಿನಕಾಯಿ ಇರಬಹುದು, ಪೋರ್ಚುಗೀಸರು ತಂದು ಆಗಲೇ ಎರಡು ಶತಮಾನ ದಾಟಿತ್ತು.

ನಿಮ್ಮ ಊರಿನದೇ ಒಂದು ವಿಷಯ. ಚೆನ್ನಬಸವ ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ ನಡೆದು ಬರುತ್ತಾನೆ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ನಾಲೆಯ ನೀರು ಮಂಡ್ಯದ ಬಯಲಿಗೆ ಬಂದದ್ದು, ಸಕ್ಕರೆ ಕಾರ್ಖಾನೆ ನಿಂತದ್ದು ಎಲ್ಲ 1930ರ ದಶಕದಲ್ಲಿ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. 1800ರಲ್ಲಿ ಅದು ರಾಗಿ, ಹುರುಳಿಯ ಬೆದ್ದಲು ನೆಲ. ಹಸಿರು ಕಾಣುವುದು ನದಿಯ ಪಕ್ಕದಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದ ಹಳೆಯ ನಾಲೆಗಳ ಕೆಳಗೆ ಮಾತ್ರ. ಬರೀ ಕೆಂಪು ಮಣ್ಣಿನಲ್ಲಿ ದಿನಗಟ್ಟಲೆ ನಡೆದವನಿಗೆ ದೂರದಿಂದ ಶ್ರೀರಂಗಪಟ್ಟಣದ ತೋಟಗಳ ಹಸಿರು ಕಂಡರೆ ಹೇಗನ್ನಿಸಬಹುದು? ಆ ದೃಶ್ಯ ನೀವು ಬರೆದಿದ್ದಕ್ಕಿಂತ ದೊಡ್ಡದಾಗುತ್ತದೆ.

ಶ್ರೀಗಂಧದ ದೃಶ್ಯ ಮೂರನೇ ಅಧ್ಯಾಯದಲ್ಲಿದೆ. ಗಂಧದ ಮರದ ಹೂವಿನ ಪರಿಮಳ ತೋಟವನ್ನೆಲ್ಲ ತುಂಬಿತ್ತು ಅಂತ ಬರೆದಿದ್ದೀರಿ. ಗಂಧದ ಹೂವಿಗೆ ಅಂಥ ಪರಿಮಳ ಇಲ್ಲ. ಎಲೆಗೂ ಇಲ್ಲ, ತೊಗಟೆಗೂ ಇಲ್ಲ. ಪರಿಮಳವೆಲ್ಲ ಬಲಿತ ಮರದ ಚೇಗಿನಲ್ಲಿ, ಅಂದರೆ ಒಳಗಿನ ಗಟ್ಟಿ ತಿರುಳಿನಲ್ಲಿ, ಮತ್ತೆ ಬೇರಿನಲ್ಲಿ. ನಿಂತ ಮರದ ಪಕ್ಕದಲ್ಲಿ ಹಾದುಹೋದರೂ ಗೊತ್ತಾಗುವುದಿಲ್ಲ. ಆಗಿನವರು ಚೇಗು ಬಿಡಿಸುತ್ತಿದ್ದ ರೀತಿ ಕೇಳಿ. ಮರ ಕಡಿದು, ಮೊಳದುದ್ದ ತುಂಡು ಮಾಡಿ, ತೊಗಟೆ ಸುಲಿದು, ಎರಡು ತಿಂಗಳು ಒಣನೆಲದಲ್ಲಿ ಹೂಳುತ್ತಿದ್ದರು. ಗೆದ್ದಲು ಬಂದು ಹೊರಗಿನ ಬಿಳಿ ಮರವನ್ನೆಲ್ಲ ತಿಂದುಹಾಕುತ್ತದೆ. ಚೇಗನ್ನು ಮುಟ್ಟುವುದಿಲ್ಲ. ಆಮೇಲೆ ಅಗೆದು ತೆಗೆದರೆ ಉಳಿದದ್ದೇ ಗಂಧ. 1792ರಿಂದ ಗಂಧದ ಮರ ಟಿಪ್ಪುವಿನ ಆಜ್ಞೆಯಂತೆ ಅರಮನೆಯ ಸ್ವತ್ತು. ಹಾಗಾಗಿ ಗೌರಿಯ ಅಪ್ಪ ಗಲಾಟೆಯ ಕಾಲದಲ್ಲಿ ಒಂದು ತುಂಡು ಹೂತಿಟ್ಟಿದ್ದ ಅಂದರೆ ಅದು ಬರೀ ಸೌದೆ ಅಲ್ಲ, ತಲೆಹೋಗುವ ಗುಟ್ಟು. ಇದು ಬೇಕಾದರೆ ನಿಮಗೆ.

ನಿಮ್ಮ ಕಥೆಗೆ ನಾನು ತುಂಬ ಆಸೆಪಟ್ಟು ಸೇರಿಸುವ ದೃಶ್ಯ ಒಂದೇ. ಚೆನ್ನಬಸವ ಕರಾವಳಿಯಿಂದ ಗೌರಿಗೆ ಏನು ತರುತ್ತಾನೆ? ನೀವು ಮುತ್ತಿನ ಸರ ಬರೆದಿದ್ದೀರಿ. ಲೆಕ್ಕ ಬರೆಯುವವನ ಸಂಬಳಕ್ಕೆ ಅದು ಎಟಕುವುದಿಲ್ಲ. ಒಂದು ಜಾಯಿಕಾಯಿ ತರಲಿ. ಜಾಯಿಕಾಯಿ ಮರ ಬೆಳೆಯುತ್ತಿದ್ದದ್ದು ಬಹಳ ದೂರದ ಬಾಂದಾ ದ್ವೀಪಗಳಲ್ಲಿ. ಅದಕ್ಕಾಗಿ ಡಚ್ಚರು 1621ರಲ್ಲಿ ಅಲ್ಲಿನ ಜನರಲ್ಲಿ ಹೆಚ್ಚಿನವರನ್ನು ಕೊಂದಿದ್ದರು, ಇಲ್ಲವೇ ಗುಲಾಮರಾಗಿ ಸಾಗಿಸಿದ್ದರು. ಗಂಜಾಂನಲ್ಲಿ ಆ ಮರ ಕಂಡವರು ಯಾರೂ ಇಲ್ಲ. ಗೌರಿ ತೋಟದ ಹುಡುಗಿ. ಬೀಜ ಕೈಗೆ ಬಂದರೆ ಅವಳು ತುರಿದು ಪಾಯಸಕ್ಕೆ ಹಾಕುವುದಿಲ್ಲ, ನೆಡುತ್ತಾಳೆ. ದಿನಾ ನೀರು ಹಾಕುತ್ತಾಳೆ. ಅದು ಹುಟ್ಟುವುದಿಲ್ಲ. ಜಾಯಿಕಾಯಿ ಬೀಜ ಹಸಿಯಾಗಿದ್ದಾಗಲೇ ಊರಬೇಕು, ಒಣಗಿದರೆ ಜೀವ ಹೋಗುತ್ತದೆ. ಅದೂ ಅಲ್ಲದೆ ಡಚ್ಚರು ಮಾರುವ ಕಾಯನ್ನು ಸುಣ್ಣದ ನೀರಿನಲ್ಲಿ ಅದ್ದಿ ಕಳಿಸುತ್ತಿದ್ದರು. ಮಳೆಗಾಲವೆಲ್ಲ ಅವಳು ಕಾಯುತ್ತಾಳೆ, ಒಂದು ದಿನ ಮಣ್ಣು ಕೆದಕಿ ನೋಡುತ್ತಾಳೆ. ಅವನು ಕೆಳಗೆ ಸಿಕ್ಕಿಕೊಂಡಿರುವ ಅದೇ ಮಳೆಗಾಲ. ಅವನು ವಾಪಸ್ ಬಂದಾಗ ಅವಳ ಸಿಟ್ಟಿಗೆ ಒಂದು ಕಾರಣ ಇರುತ್ತದೆ. ಅವನು ಮುಂದಿನ ಸಲ ಜೀವ ಇರುವ ಬಳ್ಳಿಯನ್ನೇ ತರುವುದಕ್ಕೂ ಅದೇ ಕಾರಣ. ಕೊನೆಯ ಅಧ್ಯಾಯದ ಬಳ್ಳಿ ಈಗ ಎಲ್ಲಿಂದಲೋ ಬರುತ್ತದೆ. ಈ ದೃಶ್ಯ ಇದ್ದರೆ ಅದಕ್ಕೆ ಬೇರು ಸಿಗುತ್ತದೆ.

ನಿಮ್ಮ ಇಂಗ್ಲಿಷ್ ಸಸ್ಯಶಾಸ್ತ್ರಜ್ಞನ ಪಾತ್ರವನ್ನು ಪೂರ್ತಿ ತಿರುಗಿಸಿ ಬರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅವನು ಬಂದು ಗೌರಿಗೆ ಗಿಡಗಳ ಹೆಸರು ಹೇಳಿಕೊಡುತ್ತಾನೆ, ಅವಳು ಬೆರಗಾಗಿ ಕೇಳುತ್ತಾಳೆ. ನಡೆದದ್ದು ಇದಕ್ಕೆ ಉಲ್ಟಾ. ಫ್ರಾನ್ಸಿಸ್ ಬುಕಾನನ್ ಅನ್ನುವ ಸ್ಕಾಟ್ಲೆಂಡಿನ ವೈದ್ಯ 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ. ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ್ದು ಹೊಸದಾಗಿ ಗೆದ್ದ ನಾಡಿನಲ್ಲಿ ಏನು ಬೆಳೆಯುತ್ತದೆ, ಏನು ಮಾರುತ್ತದೆ ಅಂತ ತಿಳಿಯುವುದಕ್ಕೆ. ಅವನು ಊರೂರು ತಿರುಗಿ ರೈತರನ್ನು, ಸಂತೆಯ ವ್ಯಾಪಾರಿಗಳನ್ನು, ತೋಟದವರನ್ನು ಕೇಳಿದ. ಕೇಳಿದ್ದನ್ನೆಲ್ಲ ಬರೆದುಕೊಂಡ. ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ನಾನು ಮೇಲೆ ಹೇಳಿದ ಗಂಧದ ತುಂಡು ಹೂಳುವ ವಿವರವೂ ಅದರಲ್ಲಿದೆ. ಚಾರೋಳಿ ಬೀಜ ಕೊಡುವ ಮರದ ಕುಲಕ್ಕೆ ಇವತ್ತಿಗೂ ಅವನ ಹೆಸರೇ ಇದೆ, ಬುಕಾನೇನಿಯ ಅಂತ. ಆ ಮರವನ್ನು ಅವನಿಗೆ ತೋರಿಸಿದವರ ಹೆಸರು ಎಲ್ಲೂ ಇಲ್ಲ.

ಈ ಅನ್ಯಾಯವನ್ನು ನಿಮ್ಮ ಕಾದಂಬರಿ ಮುಟ್ಟಬೇಕು. ಗೌರಿಗೆ ಗೊತ್ತಿರುವ ವಿಷಯಕ್ಕೆ ಬೆಲೆ ಇದೆ. ಯಾವ ಬಳ್ಳಿ ಯಾವ ಮರಕ್ಕೆ ಹಬ್ಬುತ್ತದೆ, ಯಾವ ಬೇರು ಜ್ವರಕ್ಕೆ, ಯಾವ ತೊಗಟೆ ಬಣ್ಣಕ್ಕೆ ಅನ್ನುವುದು ಕಂಪನಿಗೆ ದುಡ್ಡು. ಹೇಳಬೇಕೋ ಬೇಡವೋ ಅಂತ ಅವಳು ಯೋಚಿಸಲಿ. ಅದು ಬೆಲೆಬಾಳುವ ವಿಷಯ ಅಂತ ಮೊದಲು ಅವಳಿಗೆ ತಿಳಿಸುವವನು ಚೆನ್ನಬಸವನೇ ಇರಲಿ, ವ್ಯಾಪಾರದವನಲ್ವಾ. ಹೆಸರು ಉಳಿದ ಉದಾಹರಣೆಯೂ ನಮ್ಮ ಕರಾವಳಿಯ ಪಕ್ಕದಲ್ಲೇ ಇದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ಹೋರ್ಟಸ್ ಮಲಬಾರಿಕಸ್ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಬಂತು. ಅದರಲ್ಲಿ ಮಲಯಾಳಿ ವೈದ್ಯ ಇಟ್ಟಿ ಅಚ್ಯುದನ್, ಕೊಂಕಣಿಗರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಇವರ ಹೇಳಿಕೆಗಳು ಅವರವರ ಹೆಸರಿನಲ್ಲೇ ಅಚ್ಚಾಗಿವೆ. ನಿಮ್ಮ ಕಾಲಕ್ಕೆ ನೂರು ವರ್ಷ ಮುಂಚೆಯೇ ಅದು ಆಗಿತ್ತು.

ಬುಕಾನನ್‌ನನ್ನೇ ಪಾತ್ರ ಮಾಡಬೇಡಿ ಅನ್ನುತ್ತೇನೆ. ಅವನು ಎಲ್ಲಿ ಯಾವ ದಿನ ಇದ್ದ ಅಂತ ಅವನೇ ಬರೆದಿಟ್ಟಿದ್ದಾನೆ, ನಿಮ್ಮ ಕೈ ಕಟ್ಟಿಹಾಕಿದ ಹಾಗೆ ಆಗುತ್ತದೆ. ಅದೇ ಹೊತ್ತಿಗೆ ಬೆಂಜಮಿನ್ ಹೈನೆ ಅನ್ನುವ ವೈದ್ಯ ಬೆಂಗಳೂರಿನ ಲಾಲ್‌ಬಾಗನ್ನು ಕಂಪನಿಯ ಪರವಾಗಿ ನೋಡಿಕೊಳ್ಳುತ್ತಿದ್ದ, ನಾಡನ್ನು ಅಳೆದು ನಕ್ಷೆ ಬರೆಯುತ್ತಿದ್ದ ಕಂಪನಿಯ ಅಧಿಕಾರಿ ಮೆಕೆಂಜಿಯ ಸರ್ವೆ ತಂಡವೂ ಮೈಸೂರು ಸೀಮೆಯಲ್ಲಿತ್ತು. ಇಂಥ ತಂಡದ ಒಬ್ಬ ಕಲ್ಪಿತ ಸಹಾಯಕನನ್ನು ಇಟ್ಟುಕೊಳ್ಳಿ. ಅವನ ಜೊತೆ ನಮ್ಮವನೇ ಆದ ಒಬ್ಬ ಚಿತ್ರಗಾರ ಇರಲಿ. ಗಿಡದ ಚಿತ್ರ ಬರೆದವರು ಹೆಚ್ಚಾಗಿ ಇಲ್ಲಿನವರೇ. ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ರಾಕ್ಸ್‌ಬರ್ಗ್ ಇಂಥ ಕಲಾವಿದರಿಂದ ಎರಡೂವರೆ ಸಾವಿರ ಚಿತ್ರ ಬರೆಸಿದ. ಗಿಡ ಒತ್ತಿ ಒಣಗಿಸುವ ಕೆಲಸವನ್ನೂ ಚೂರು ತೋರಿಸಿ. ಕಾಗದದ ನಡುವೆ ಇಟ್ಟು, ಮೇಲೆ ಭಾರ ಹೇರಿ, ದಿನಾ ಕಾಗದ ಬದಲಿಸಬೇಕು. ಮಳೆಗಾಲದಲ್ಲಿ ಒಂದು ದಿನ ಮರೆತರೆ ಬೂಷ್ಟು ಹಿಡಿಯುತ್ತದೆ. ಆದರೆ ಜೀವಂತ ಗಿಡವನ್ನು ಲಂಡನ್ನಿಗೆ ಕಳಿಸಿ ಅದು ನಳನಳಿಸುವುದು ಬೇಡ. ಉಪ್ಪುಗಾಳಿಗೆ ಹಡಗಿನಲ್ಲಿ ಹೆಚ್ಚಿನ ಗಿಡಗಳು ಸಾಯುತ್ತಿದ್ದವು. ವಾರ್ಡ್ ಅನ್ನುವ ವೈದ್ಯನ ಗಾಜಿನ ಪೆಟ್ಟಿಗೆ ಬಳಕೆಗೆ ಬಂದದ್ದು 1830ರ ದಶಕದಲ್ಲಿ.

ಗೌರಿ ಪುಸ್ತಕ ಓದುತ್ತಾಳೆ, ಚೆನ್ನಬಸವ ಮಸಿಯಲ್ಲಿ ಪತ್ರ ಬರೆಯುತ್ತಾನೆ. ತೋಟದವರ ಮಗಳಿಗೆ ಆಗ ಓದು ಬರುವುದು ತೀರಾ ಅಪರೂಪ. ಬರುತ್ತದೆ ಅಂದರೆ ಯಾರು ಕಲಿಸಿದರು ಅಂತ ಹೇಳಬೇಕು. ಬಾರದಿರುವುದೇ ನಿಮಗೆ ಅನುಕೂಲ. ಯಾಕೆ ಅಂದರೆ ಚೆನ್ನಬಸವನ ಹತ್ತಿರ ಕಡತ ಇರುತ್ತದೆ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಪುಡಿ ಬಳಿದು, ಗಟ್ಟಿ ಮಾಡಿ, ಮಡಿಸಿಟ್ಟ ಕರಿ ಪುಸ್ತಕ ಅದು. ವ್ಯಾಪಾರಿಗಳು, ಶಾನುಭೋಗರು ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಳಿಸಿಹೋಗುತ್ತದೆ. ಲೆಕ್ಕದ ನಡುವಿನ ಒಂದು ಮಡಿಕೆಯಲ್ಲಿ ಅವನು ಎಲೆಯ ಚಿತ್ರ ಬರೆಯುತ್ತಾನೆ, ಇದು ಯಾವ ಗಿಡ ಅಂತ ಕೇಳುತ್ತಾನೆ. ಅವಳು ನೋಡಿ, ನರಗಳು ತಪ್ಪಾಗಿವೆ ಅನ್ನುತ್ತಾಳೆ, ಬಳಪ ಇಸಿದುಕೊಂಡು ತಿದ್ದುತ್ತಾಳೆ. ಸಾಹುಕಾರ ಬರುವ ಸದ್ದಾದರೆ ಒರೆಸಿದರಾಯಿತು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಓಲೆಗರಿಗಳನ್ನು ಕಣ್ಣಾರೆ ನೋಡಿದರೆ ಆಗಿನ ಬರಹ ಎಷ್ಟು ಶ್ರಮದ ಕೆಲಸ ಅಂತ ತಿಳಿಯುತ್ತದೆ.

ಲ್ಯಾಟಿನ್ ಹೆಸರು ಒಂದೂ ಬೇಡ, ಆ ಸಹಾಯಕನ ಬಾಯಲ್ಲಿ ಬಂದರೆ ಮಾತ್ರ ಸರಿ. ಗೌರಿಯ ಕಣ್ಣಿಂದ ನೋಡುವಾಗ ಅವಳ ಹೆಸರುಗಳೇ ಇರಲಿ.

ಇನ್ನು ಬಳ್ಳಿಯ ಪ್ರಶ್ನೆ. ಮೆಣಸಿಗೆ ಮಲೆನಾಡಿನ ಮಳೆ ಬೇಕು, ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ಇದ್ದರೆ ಅದಕ್ಕೆ ಸುಖ. ಶ್ರೀರಂಗಪಟ್ಟಣದಲ್ಲಿ ಅದರ ಅರ್ಧವೂ ಬೀಳುವುದಿಲ್ಲ. ಬಯಲಲ್ಲಿ ನೆಟ್ಟರೆ ಬೇಸಿಗೆ ದಾಟುವುದಿಲ್ಲ. ನೀವು ದರಿಯಾ ದೌಲತ್‌ನ ಹೂದೋಟದ ನಡುವೆ ನೆಡಿಸಿದ್ದೀರಿ, ಅಲ್ಲಿ ಬೇಡ. ವೀಳ್ಯದೆಲೆ ತೋಟದಲ್ಲಿ ನೆಡಿಸಿ. ವೀಳ್ಯದೆಲೆ ಮತ್ತು ಮೆಣಸು ಒಂದೇ ಕುಲದ ಬಳ್ಳಿಗಳು, ಅಕ್ಕತಂಗಿಯರು. ಎಲೆತೋಟದಲ್ಲಿ ನೆರಳಿರುತ್ತದೆ, ನೀರು ಕಟ್ಟುವ ಕಾಲುವೆ ಇರುತ್ತದೆ, ಹಬ್ಬಲು ಅಗಸೆ, ನುಗ್ಗೆ ಮರಗಳಿರುತ್ತವೆ. ಬಳ್ಳಿ ಎತ್ತಿ ಕಟ್ಟುವುದು ಗೌರಿಗೆ ಚಿಕ್ಕಂದಿನಿಂದ ಬಂದ ವಿದ್ಯೆ. ಬಾಳೆನಾರನ್ನು ನೆನೆಸಿ, ಗೆಣ್ಣಿನ ಕೆಳಗೆ ಸಡಿಲವಾಗಿ ಸುತ್ತಿ ಗಂಟು ಹಾಕಬೇಕು. ಬಿಗಿಯಾದರೆ ಬಳ್ಳಿ ಕೊಯ್ದುಹೋಗುತ್ತದೆ, ತೀರಾ ಸಡಿಲವಾದರೆ ಗೆಣ್ಣಿನ ಬೇರು ಮರ ಹಿಡಿಯುವುದಿಲ್ಲ. ಚೆನ್ನಬಸವ ಸಾವಿರಾರು ಮಣ ಮೆಣಸು ತೂಗಿದವನು, ಒಂದು ಬಳ್ಳಿ ಕಟ್ಟಿದವನಲ್ಲ. ಅವನ ಗಂಟನ್ನು ಬಿಚ್ಚಿ ಅವಳು ಮತ್ತೆ ಕಟ್ಟಲಿ. ನಿಮ್ಮ ಕಾದಂಬರಿಯಲ್ಲಿ ಇಬ್ಬರ ಕೈ ತಾಕುವುದಕ್ಕೆ ಇದಕ್ಕಿಂತ ಸರಿಯಾದ ಜಾಗ ನನಗೆ ಕಾಣುವುದಿಲ್ಲ.

ತುಂಡನ್ನು ತರುವ ರೀತಿಯೂ ಸರಿಯಿರಬೇಕು. ಬುಡದಿಂದ ನೆಲದ ಮೇಲೆ ಹರಿಯುವ ಹಂಬಿನಿಂದ ಎರಡು ಮೂರು ಗೆಣ್ಣಿನ ತುಂಡು ಕೊಯ್ದು, ಒದ್ದೆ ಪಾಚಿಯಲ್ಲಿ ಸುತ್ತಿ, ಬಾಳೆಪಟ್ಟೆಯಲ್ಲಿ ಕಟ್ಟಿ, ನೆರಳಲ್ಲಿ ತರಬೇಕು. ಎಂಟು ಹತ್ತು ದಿನದ ದಾರಿ. ದಿನಾ ಸಂಜೆ ಬೀಡು ಬಿಟ್ಟಾಗ ನೀರು ಚಿಮುಕಿಸಬೇಕು. ಹತ್ತು ತುಂಡು ಹೊರಟರೆ ಎರಡು ಉಳಿಯಲಿ. ಫಸಲು ಜಾಸ್ತಿ ತೋರಿಸಬೇಡಿ, ಎಲೆತೋಟದಲ್ಲಿ ಬಳ್ಳಿ ಬದುಕಿದರೂ ಅಲ್ಲೊಂದು ಇಲ್ಲೊಂದು ತೆನೆ ಅಷ್ಟೇ. ಅದೂ ಮೂರನೇ ವರ್ಷಕ್ಕೆ ಮುಂಚೆ ಇಲ್ಲ. 1801ರ ಮುಂಗಾರಿಗೆ ನೆಟ್ಟರೆ ಮೊದಲ ತೆನೆ 1804ರ ಆರಿದ್ರಾ ಮಳೆಗೆ.

1804 ನಿಮಗೆ ಇನ್ನೊಂದು ಕಾರಣಕ್ಕೂ ಒಳ್ಳೆಯದು. ಕೊನೆಯ ಪುಟಗಳ ಟಿಪ್ಪಣಿಯಲ್ಲಿ ಇಬ್ಬರೂ ಕಾವೇರಿಯ ಮೇಲಿನ ವೆಲ್ಲೆಸ್ಲಿ ಸೇತುವೆಯ ಮೇಲೆ ನಿಂತು ಮಾತಾಡುತ್ತಾರೆ. ಮೈಸೂರಿನ ದಿವಾನ್ ಪೂರ್ಣಯ್ಯನವರು ಆ ಕಲ್ಲಿನ ಸೇತುವೆ ಕಟ್ಟಿಸಿ ಮುಗಿಸಿದ್ದು 1804ರಲ್ಲಿ. ಅದಕ್ಕೆ ಮುಂಚಿನ ದೃಶ್ಯಗಳಲ್ಲೆಲ್ಲ ಅವನು ಆ ಕವಲನ್ನು ಹರಿಗೋಲಿನಲ್ಲೇ ದಾಟಲಿ. ಬಳ್ಳಿ ತೆನೆ ಬಿಡುವ ವರ್ಷಕ್ಕೆ ನಿಮ್ಮ ಕೊನೆಯ ಅಧ್ಯಾಯವನ್ನು ತಳ್ಳಿದರೆ ಎರಡೂ ಹೊಂದುತ್ತವೆ. ನಡುವಿನ ಮೂರು ವರ್ಷಕ್ಕೆ ಮೂರು ಸಲ ಘಟ್ಟ ಇಳಿಯುವುದಿದೆ. ಯಾವ ಸಲ ಅವನು ತಡ ಮಾಡುತ್ತಾನೆ ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ, ಆಮೇಲೆ ನಾಲ್ಕನೇ ಅಧ್ಯಾಯಕ್ಕೆ ಕೈಹಾಕಿ.